ಸೇವೆ ಮುಯ್ಯಾಳಾಗಲಿ, ಬಿಟ್ಟಿಯಾಗದಿರಲಿ: ಕೇಂದ್ರ ಯುವಜನ ವ್ಯವಹಾರಗಳ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಮಲಪ್ರಭೆಯ ಸೀಮೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಕಲಿಸುತ್ತೇನೆ. ಎರಡು ಅವಧಿಗಳಲ್ಲಿ, ಒಟ್ಟು ಏಳು ವರ್ಷ, ರಾಷ್ಟ್ರೀಯ ಸೇವಾ ಯೋಜನೆಯ (ಎನ್‌ಎಸ್‌ಎಸ್) ಕಾರ್ಯಕ್ರಮಾಧಿಕಾರಿಯಾಗಿದ್ದೆ. ನೂರು ವಿದ್ಯಾರ್ಥಿಗಳ ಒಂದು ಘಟಕ, ಒಂದು ದತ್ತು ಗ್ರಾಮ, ವರ್ಷಕ್ಕೊಮ್ಮೆ ಏಳು ದಿನದ ವಿಶೇಷ ಶಿಬಿರ, ಕೋಣೆಯ ಮೂಲೆಯಲ್ಲಿ ಒಂದಿಷ್ಟು ಗುದ್ದಲಿ, ಸಲಿಕೆ, ಬುಟ್ಟಿ. ಇಷ್ಟು ನನ್ನ ಆಸ್ತಿಯಾಗಿತ್ತು. ಈ ಪತ್ರವನ್ನು ದೂರು ಎಂದು ಓದಬೇಡಿ. ಎನ್‌ಎಸ್‌ಎಸ್ ನನಗೆ ಕೊಟ್ಟದ್ದು ಬಹಳ. ಅದು ಇನ್ನೂ ಬೆಳೆಯಬೇಕೆಂಬ ಆಸೆಯಿಂದಲೇ ಬರೆಯುತ್ತಿದ್ದೇನೆ.

ಯುವಜನರ ಸೇವೆಯನ್ನು ವಿಸ್ತರಿಸುವ ಮಾತು ಈಚೆಗೆ ದೆಹಲಿಯಿಂದ ಮೇಲಿಂದ ಮೇಲೆ ಕೇಳಿಬರುತ್ತಿದೆ. 2023ರ ಅಕ್ಟೋಬರ್ 31ರಂದು ‘ಮೇರಾ ಯುವ ಭಾರತ್’ ಆರಂಭವಾಯಿತು. 15ರಿಂದ 29 ವರ್ಷದವರಿಗಾಗಿ ರೂಪಿಸಿದ ಆ ಆನ್‌ಲೈನ್ ವೇದಿಕೆಯಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ಹೆಸರು ನೋಂದಾಯಿಸಿದ್ದಾರೆ. 2025ರ ಮೇ ತಿಂಗಳಲ್ಲಿ ಅದೇ ವೇದಿಕೆಯ ಮೂಲಕ, ನಾಗರಿಕ ರಕ್ಷಣೆಯ ಸ್ವಯಂಸೇವಕರಾಗಿ ಬನ್ನಿ ಎಂಬ ಕರೆ ಹೊರಟಿತು. ‘ಯುವ ಆಪದಾ ಮಿತ್ರ’ ಯೋಜನೆಯಲ್ಲಿ ಎನ್‌ಸಿಸಿ, ಎನ್‌ಎಸ್‌ಎಸ್, ನೆಹರೂ ಯುವ ಕೇಂದ್ರ ಮತ್ತು ಸ್ಕೌಟ್ಸ್-ಗೈಡ್ಸ್‌ನ ಸುಮಾರು 2.37 ಲಕ್ಷ ಯುವಜನರಿಗೆ ವಿಪತ್ತು ನಿರ್ವಹಣೆಯ ತರಬೇತಿ ಕೊಡುವ ಗುರಿಯಿದೆ. ಸಮುದಾಯ ಸೇವೆಗೆ ಪದವಿಯಲ್ಲಿ ಕ್ರೆಡಿಟ್ ಕೊಡುವ ಏರ್ಪಾಡೂ ಬಂದಿದೆ. ಇವೆಲ್ಲದರ ನಡುವೆ, ಸೇವೆಯನ್ನು ಎಲ್ಲರಿಗೂ ಕಡ್ಡಾಯ ಮಾಡಿಬಿಡಿ ಎನ್ನುವವರ ದನಿಯೂ ಆಗಾಗ ಏಳುತ್ತದೆ.

ವಿಸ್ತರಿಸಬೇಕು ಎಂಬುದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಹೇಗೆ ಎಂಬುದರ ಬಗ್ಗೆ ಮಾತ್ರ ಆತಂಕವಿದೆ.

ನಮ್ಮ ಹಳ್ಳಿಗಳಲ್ಲಿ ಕೂಲಿಯಿಲ್ಲದ ದುಡಿಮೆಗೆ ಎರಡು ಹೆಸರುಗಳಿವೆ. ಇಂದು ನಿಮ್ಮ ಹೊಲದ ಕಸ ತೆಗೆಯಲು ನಾನು ಬಂದರೆ, ನಾಳೆ ನನ್ನ ಕಣದ ರಾಶಿಗೆ ನೀವು ಬರುತ್ತೀರಿ. ಇದು ಮುಯ್ಯಾಳು. ಕೊಟ್ಟವರಿಗೂ ಮಾನ, ಪಡೆದವರಿಗೂ ಮಾನ. ಇನ್ನೊಂದು ಬಿಟ್ಟಿ. ಊರಿನ ದೊಡ್ಡವರೋ ಅಧಿಕಾರಿಯೋ ಹೇಳಿಕಳುಹಿಸಿದಾಗ ಸ್ವಂತ ಕೆಲಸ ಬಿಟ್ಟು ಓಡಿಹೋಗಿ, ಹೊಟ್ಟೆಗೂ ಇಲ್ಲದೆ ದುಡಿದು ಬರಬೇಕಾಗಿದ್ದ ಚಾಕರಿ ಅದು. ಸಂವಿಧಾನದ 23ನೆಯ ವಿಧಿ ‘ಬೇಗಾರ್’ ಎಂದು ಕರೆದು ನಿಷೇಧಿಸಿದ್ದು ಅದನ್ನೇ. ಸರ್ಕಾರ ಯುವಕರನ್ನು ಸೇವೆಗೆ ಕರೆಯುವಾಗಲೆಲ್ಲ, ಈ ಎರಡರಲ್ಲಿ ಯಾವುದರ ಕಡೆಗೆ ಹೆಜ್ಜೆ ಇಡುತ್ತಿದ್ದೇವೆ ಎಂದು ಕೇಳಿಕೊಳ್ಳಬೇಕು. ನಾನು ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಮುಯ್ಯಿ ಎಂಬ ಮಾತಿನ ಅರ್ಥ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಅವಿಭಜಿತ ವಿಜಯಪುರ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಆಗ ನಾನು ಪಿಯುಸಿ ಮುಗಿಸಿದ ಹುಡುಗ. ರಾತ್ರಿ ಊಟವಾದ ಮೇಲೆ ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಕಂದೀಲು ಹಚ್ಚಿಟ್ಟು, ಹತ್ತು ಹನ್ನೆರಡು ಹೆಂಗಸರಿಗೆ ಅಕ್ಷರ ಮತ್ತು ಅಂಕಿ ಕಲಿಸುತ್ತಿದ್ದೆ. ಅವರಲ್ಲೊಬ್ಬ ಅವ್ವನಿಗೆ ಅಕ್ಷರದಲ್ಲಿ ಆಸಕ್ತಿಯೇ ಇರಲಿಲ್ಲ. ಅಂಕಿ ಕಲಿಸು ಎಂದು ಪಟ್ಟು ಹಿಡಿದಳು. ಒಂದು ತಿಂಗಳಿಗೆ ಅಂಕಿ ಬಂತು. ಮರುದಿನವೇ ಮನೆಯ ರೇಷನ್ ಕಾರ್ಡ್ ತಂದು ಕಂದೀಲಿನ ಬೆಳಕಿಗೆ ಹಿಡಿದು ತಾನೇ ಓದಿದಳು. ಸೀಮೆಎಣ್ಣೆ ಐದು ಲೀಟರ್ ಕೊಟ್ಟಿದ್ದೇವೆ ಎಂದು ಬರೆದಿತ್ತು. ಅವಳ ಡಬ್ಬಿಗೆ ಬಿದ್ದದ್ದು ಮೂರು. ಮುಂದಿನ ತಿಂಗಳು ಆ ಕಟ್ಟೆಯ ಹೆಂಗಸರೆಲ್ಲ ಒಟ್ಟಾಗಿ ಅಂಗಡಿಯ ಮುಂದೆ ನಿಂತರು. ಐದೂ ಲೀಟರ್ ಸಿಕ್ಕಿತು.

ಆ ಸಲ ನಮ್ಮ ಈರುಳ್ಳಿ ಹೊಲದಲ್ಲಿ ಕಸ ಬಹಳ ಎದ್ದಿತ್ತು, ಆಳು ಸಿಕ್ಕಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಹೊಲದಲ್ಲಿ ಒಂಬತ್ತು ಮಂದಿ ಹೆಂಗಸರು ಕಳೆ ತೆಗೆಯುವ ಕುರ್ಚಿಗಿ ಹಿಡಿದು ಕುಳಿತಿದ್ದಾರೆ. ನನ್ನ ತಾಯಿ ಕೂಲಿ ಎಷ್ಟೆಂದು ಕೇಳಿದಳು. ಆ ಅವ್ವ ತಲೆ ಎತ್ತದೆಯೇ, “ನಿನ್ನ ಮಗನ ಮುಯ್ಯಿ ನಮ್ಮ ಮೇಲಿದೆ” ಎಂದಳು. ನಾನು ಅವರಿಗೆ ಉಪಕಾರ ಮಾಡುತ್ತಿದ್ದೇನೆ ಎಂಬ ಭಾವನೆಯಲ್ಲಿದ್ದೆ. ಅವರು ನನ್ನನ್ನು ಸಮನಾಗಿ ಕಂಡು ಲೆಕ್ಕ ತೀರಿಸಿದರು. ಅಂದಿನಿಂದ ಸೇವೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಆ ಈರುಳ್ಳಿ ಹೊಲ ನೆನಪಾಗುತ್ತದೆ.

ಈ ನಾಡಿಗೆ ಸ್ವಯಂಸೇವೆಯನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1923ರಲ್ಲಿ ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು ಹಿಂದೂಸ್ತಾನಿ ಸೇವಾ ದಳ ಕಟ್ಟಿದರು. ಮರುವರ್ಷ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನದಲ್ಲಿ ದುಡಿದದ್ದು ಆ ದಳವೇ. ಅದರ ಮಹಿಳಾ ವಿಭಾಗವನ್ನು ಮುನ್ನಡೆಸಿದ ಉಮಾಬಾಯಿ ಕುಂದಾಪುರ ಮನೆಯ ಹೊಸ್ತಿಲು ದಾಟದ ಹೆಣ್ಣುಮಕ್ಕಳನ್ನು ಆ ಕೆಲಸಕ್ಕೆ ಕರೆತಂದರು. ಅವರನ್ನು ಯಾವ ಹಾಜರಿ ಪುಸ್ತಕವೂ ಎಳೆದು ತಂದಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಕಡ್ಡಾಯವೋ ಸ್ವಇಚ್ಛೆಯೋ ಎಂಬ ಚರ್ಚೆ ಇಪ್ಪತ್ತು ವರ್ಷ ನಡೆಯಿತು. ಆ ಇತಿಹಾಸವನ್ನು ನಿಮ್ಮ ಸಚಿವಾಲಯ ಮತ್ತೊಮ್ಮೆ ತೆರೆದು ನೋಡಬೇಕೆಂದು ಕೋರುತ್ತೇನೆ. ರಾಧಾಕೃಷ್ಣನ್ ಅವರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ ವಿದ್ಯಾರ್ಥಿಗಳ ಸೇವೆ ಸ್ವಇಚ್ಛೆಯದಾಗಿರಲಿ ಎಂದಿತು. 1958ರಲ್ಲಿ ನೆಹರೂ ಅವರು ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಪದವಿ ಪಡೆಯುವ ಮುನ್ನ ಸಮಾಜ ಸೇವೆ ಮಾಡಿರಬೇಕು ಎಂಬ ಆಲೋಚನೆ ಮುಂದಿಟ್ಟರು. ಮರುವರ್ಷ ಸಿ.ಡಿ. ದೇಶಮುಖರ ಸಮಿತಿ ಪ್ರೌಢಶಿಕ್ಷಣ ಮುಗಿಸಿದವರಿಗೆ ಒಂಬತ್ತು ತಿಂಗಳಿಂದ ಒಂದು ವರ್ಷದವರೆಗೆ ರಾಷ್ಟ್ರೀಯ ಸೇವೆಯನ್ನು ಕಡ್ಡಾಯ ಮಾಡಬಹುದೆಂದು ಶಿಫಾರಸು ಮಾಡಿತು. ಖರ್ಚನ್ನೂ ನಡೆಸುವ ಕಷ್ಟವನ್ನೂ ಕಂಡು ಸರ್ಕಾರ ಅದನ್ನು ಒಪ್ಪಲಿಲ್ಲ. ಶಿಕ್ಷಣತಜ್ಞ ಕೆ.ಜಿ. ಸೈಯಿದೈನ್ ಅವರು ಬೇರೆ ಬೇರೆ ದೇಶಗಳ ಅನುಭವ ಪರಿಶೀಲಿಸಿ, ಸ್ವಇಚ್ಛೆಯ ದಾರಿಯೇ ಸರಿ ಎಂದರು. ಕೊನೆಗೆ ಗಾಂಧೀ ಜನ್ಮಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳೊಂದಿಗೆ ಎನ್‌ಎಸ್‌ಎಸ್ ಆರಂಭವಾಯಿತು. ಅದಕ್ಕೆ ಚಾಲನೆ ಕೊಟ್ಟ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ಲೋಕಸಭೆಯಲ್ಲಿ ಪ್ರತಿನಿಧಿಸುತ್ತಿದ್ದದ್ದು ನಮ್ಮ ಬಳ್ಳಾರಿಯನ್ನು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಅವರ ಹೆಸರು ಬಂದಾಗ ನನಗೆ ಇಂದಿಗೂ ಹೆಮ್ಮೆಯೆನಿಸುತ್ತದೆ.

ಇಂದು ಎನ್‌ಎಸ್‌ಎಸ್‌ನಲ್ಲಿ ಸುಮಾರು 40 ಲಕ್ಷ ಸ್ವಯಂಸೇವಕರಿದ್ದಾರೆ. ಸಂಖ್ಯೆ ನೂರು ಪಟ್ಟಾಯಿತು. ಆದರೆ ಒಬ್ಬ ಸ್ವಯಂಸೇವಕನ ಕೈಗೆ ನಾವು ಏನು ಕೊಟ್ಟಿದ್ದೇವೆ? ನಾನು ಅಧಿಕಾರಿಯಾಗಿದ್ದ ಕಾಲದಲ್ಲಿ ಏಳು ದಿನದ ಶಿಬಿರಕ್ಕೆ ತಲೆಗೆ 450 ರೂಪಾಯಿ ಲೆಕ್ಕ. ದಿನಕ್ಕೆ 64 ರೂಪಾಯಿ. ಅದರಲ್ಲೇ ಎರಡು ಊಟ, ಉಪಾಹಾರ, ಚಹಾ, ಪ್ರಯಾಣ, ಹಾರೆ-ಬುಟ್ಟಿ, ದೀಪದ ವ್ಯವಸ್ಥೆ. ಅದೂ ಶಿಬಿರ ಮುಗಿದು ಎಷ್ಟೋ ತಿಂಗಳ ಮೇಲೆ ಕೈಸೇರುತ್ತಿತ್ತು. ಅಲ್ಲಿಯವರೆಗೆ ಕಿರಾಣಿ ಅಂಗಡಿಯ ಸಾಲ ಉಪನ್ಯಾಸಕನ ಹೆಸರಿನಲ್ಲಿ. ಕಾಯಂ ಸಂಬಳದ ನನಗೆ ಅದು ಹೊರಲಾಗದ ಭಾರವೇನಲ್ಲ. ನಮ್ಮ ಕಾಲೇಜುಗಳನ್ನು ನಿಜವಾಗಿ ನಡೆಸುತ್ತಿರುವ ಅತಿಥಿ ಉಪನ್ಯಾಸಕರು, ಮುಂದಿನ ವರ್ಷ ಕೆಲಸ ಇರುತ್ತದೆಯೋ ಇಲ್ಲವೋ ಎಂಬ ಚಿಂತೆಯಲ್ಲಿರುವವರು, ಇಂಥ ಹೊಣೆಯನ್ನು ಹೇಗೆ ಹೊತ್ತಾರು?

ಶಿಬಿರ ನಡೆದದ್ದು ಸರ್ಕಾರದ ಹಣದಿಂದಲ್ಲ, ಊರಿನ ರೊಟ್ಟಿಯಿಂದ. ನಮ್ಮ ಕಡೆ ಅದೊಂದು ಪದ್ಧತಿ. ಮನೆಗೆ ಎರಡು ರೊಟ್ಟಿಯಂತೆ ಊರೆಲ್ಲ ಸುತ್ತಿ ಸಂಗ್ರಹಿಸಿದರೆ ಐವತ್ತು ಮಕ್ಕಳ ಊಟವಾಗುತ್ತದೆ. ಪಲ್ಯ, ಸಾರು, ಅನ್ನ ಶಿಬಿರದಲ್ಲಿ. ಒಂದು ವರ್ಷ ಮೊದಲ ದಿನ ರೊಟ್ಟಿಗೆ ಹೋದ ತಂಡ ಬುಟ್ಟಿ ತುಂಬಿಕೊಂಡು ಬಂತು. ಯಾವ ಯಾವ ಓಣಿಗೆ ಹೋಗಿದ್ದಿರಿ ಎಂದು ಕೇಳಿದೆ. ಹೇಳುತ್ತ ಹೋದರು. ಒಂದು ಕೇರಿಯ ಹೆಸರು ಬರಲೇ ಇಲ್ಲ. ಯಾಕೆ ಎಂದೆ. ಯಾರೂ ಮಾತನಾಡಲಿಲ್ಲ. ಆ ಕೇರಿಯ ಇಬ್ಬರು ಹುಡುಗರು ನಮ್ಮ ಶಿಬಿರದಲ್ಲೇ ಇದ್ದರು, ಅದೇ ಸಾಲಿನಲ್ಲಿ ಕುಳಿತಿದ್ದರು.

ಆ ಸಂಜೆಯ ಉಪನ್ಯಾಸವನ್ನು ರದ್ದು ಮಾಡಿದೆ. ಶಾಲೆಯ ಅಂಗಳದಲ್ಲಿ ದುಂಡಗೆ ಕುಳಿತು ಮಾತನಾಡಿದೆವು. ಮೊದಲ ಒಂದು ಗಂಟೆ ಬರೀ ಮೌನ. ಆಮೇಲೆ ಒಬ್ಬ ಹುಡುಗಿ ಎದ್ದು, “ಸರ್, ನಾವು ಬೇಕೆಂದು ಬಿಟ್ಟಿಲ್ಲ. ಆ ಕಡೆ ಕಾಲು ತಿರುಗಲೇ ಇಲ್ಲ. ಅದು ನಮಗೆ ಗೊತ್ತೂ ಆಗಲಿಲ್ಲ” ಎಂದಳು. ಅಷ್ಟು ಪ್ರಾಮಾಣಿಕವಾದ ಮಾತನ್ನು ನಾನು ತರಗತಿಯಲ್ಲಿ ಎಂದೂ ಕೇಳಿಲ್ಲ. ಮರುದಿನ ಅವಳೇ ಬುಟ್ಟಿ ಎತ್ತಿಕೊಂಡು ಆ ಕೇರಿಯಿಂದಲೇ ಶುರು ಮಾಡಿದಳು. ಊರಿನ ಕೆಲವರು ಮುನಿಸಿಕೊಂಡರು, ಎರಡು ಮನೆಯವರು ರೊಟ್ಟಿ ಕೊಡುವುದನ್ನು ನಿಲ್ಲಿಸಿದರು. ಮಕ್ಕಳು ತಲೆಗೊಂದು ರೊಟ್ಟಿ ಕಡಿಮೆ ತಿಂದರು. ಆ ವರ್ಷ ನಾವು ತೋಡಿದ ಇಂಗುಗುಂಡಿಗಳಲ್ಲಿ ಎಷ್ಟು ಉಳಿದಿವೆಯೋ ಗೊತ್ತಿಲ್ಲ. ಆ ಐವತ್ತು ಮಂದಿಯಲ್ಲಿ ಯಾರೂ ಆ ಸಂಜೆಯನ್ನು ಮರೆತಿರಲಾರರು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಸೇವೆಯ ವಿಸ್ತರಣೆ ಎಂದಾಗ ವರದಿಗಳಲ್ಲಿ ಕಾಣುವುದು ನೋಂದಣಿಯ ಸಂಖ್ಯೆ, ನೆಟ್ಟ ಸಸಿಯ ಸಂಖ್ಯೆ, ಜಾಥಾದಲ್ಲಿ ನಡೆದವರ ಸಂಖ್ಯೆ, ಡೌನ್‌ಲೋಡ್ ಆದ ಪ್ರಮಾಣಪತ್ರಗಳ ಸಂಖ್ಯೆ. ರೊಟ್ಟಿಯ ಬುಟ್ಟಿ ಯಾವ ಕೇರಿಗೆ ಹೋಯಿತು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ. ಒಂದು ಬೆಳಗಿನ ಸ್ವಚ್ಛತಾ ಅಭಿಯಾನದಲ್ಲಿ ಪೊರಕೆ ಹಿಡಿದು ಫೋಟೊ ಕಳುಹಿಸಿ ಮನೆಗೆ ಹೋಗುವ ಹುಡುಗನಿಗೆ ಆ ಊರು ಪರಿಚಯವಾಗುವುದಿಲ್ಲ, ಊರಿಗೆ ಅವನು ಪರಿಚಯವಾಗುವುದಿಲ್ಲ. ಒಂದು ಕೋಟಿ ಜನ ವರ್ಷಕ್ಕೆ ಒಂದು ಗಂಟೆ ಕೊಡುವುದಕ್ಕಿಂತ ಹತ್ತು ಸಾವಿರ ಜನ ಒಂದು ವರ್ಷ ಒಂದೇ ಊರಿನಲ್ಲಿ ಇರುವುದು ದೊಡ್ಡ ವಿಸ್ತರಣೆ ಎಂದು ನಾನು ನಂಬಿದ್ದೇನೆ.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಚುಚ್ಚುತ್ತದೆ. ಎನ್‌ಎಸ್‌ಎಸ್ ನಿಯಮದಂತೆ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಮುಗಿಸಬೇಕು. ನನ್ನ ಘಟಕದಲ್ಲಿ ಒಬ್ಬ ಹುಡುಗನಿದ್ದ. ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ರಾತ್ರಿ ಪಾಳಿ, ಬೆಳಿಗ್ಗೆ ಕಾಲೇಜು, ಶನಿವಾರ ಭಾನುವಾರ ಎರಡು ಪಾಳಿ. ನಮ್ಮ ಶ್ರಮದಾನಗಳೆಲ್ಲ ಶನಿವಾರ ಭಾನುವಾರವೇ. ಅವನ ಲೆಕ್ಕ 71 ಗಂಟೆಗೆ ನಿಂತಿತು. ನಿಯಮ ನಿಯಮವೇ ಎಂದು ನಾನು ಪ್ರಮಾಣಪತ್ರಕ್ಕೆ ಅವನ ಹೆಸರು ಬರೆಯಲಿಲ್ಲ. ಅವನು ಒಂದು ಮಾತೂ ಆಡಲಿಲ್ಲ. ಆರು ತಿಂಗಳ ನಂತರ ಯಾವುದೋ ಕೆಲಸಕ್ಕೆ ನಾಡಕಚೇರಿಗೆ ಹೋದಾಗ ಅವನನ್ನು ನೋಡಿದೆ. ತನ್ನ ಓಣಿಯ ಮುದುಕಿಯೊಬ್ಬಳ ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿ ಹಿಡಿದು ಸಾಲಿನಲ್ಲಿ ನಿಂತಿದ್ದ. ವಿಚಾರಿಸಿದರೆ, ಎಸ್‌ಎಸ್‌ಎಲ್‌ಸಿ ಓದುವಾಗಿನಿಂದಲೂ ಓಣಿಯ ಪಿಂಚಣಿ, ಪಡಿತರ, ಜಾತಿ ಪ್ರಮಾಣಪತ್ರದ ಅರ್ಜಿಗಳನ್ನೆಲ್ಲ ಅವನೇ ಬರೆದುಕೊಡುತ್ತಿದ್ದನಂತೆ. ನನ್ನ ಘಟಕದ ಅತ್ಯುತ್ತಮ ಸ್ವಯಂಸೇವಕನಿಗೆ ನಾನೇ ಪ್ರಮಾಣಪತ್ರ ನಿರಾಕರಿಸಿದ್ದೆ.

ಬಡವರ ಮಕ್ಕಳಿಗೆ ಸೇವೆಯಲ್ಲಿ ಮನಸ್ಸಿಲ್ಲ ಎನ್ನುವವರು ಇದನ್ನು ಕೇಳಬೇಕು. ಅವರಿಗೆ ಇಲ್ಲದಿರುವುದು ಬಿಡುವು. ಖರ್ಚು ನೋಡಿಕೊಳ್ಳಲು ಅಪ್ಪ ಇರುವವನಿಗೆ ಸ್ವಯಂಸೇವೆ ಸಾಧ್ಯ, ಅಪ್ಪನ ಖರ್ಚನ್ನೂ ತಾನೇ ನೋಡಿಕೊಳ್ಳುವವನಿಗೆ ಅಸಾಧ್ಯ. ಹೀಗಿರುವಾಗ ಸೇವೆಗೆ ಅಂಕ, ಕ್ರೆಡಿಟ್, ನೇಮಕಾತಿಯಲ್ಲಿ ಆದ್ಯತೆ ಎಂದು ಸೇರಿಸುತ್ತ ಹೋದರೆ, ಉಳ್ಳವರ ಮಕ್ಕಳಿಗೆ ಮತ್ತೊಂದು ಮೆಟ್ಟಿಲು ಕಟ್ಟಿಕೊಟ್ಟಂತಾಗುತ್ತದೆ.

ಆಪದಾ ಮಿತ್ರದ ತರಬೇತಿಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಅದರ ಅಗತ್ಯ ಎಷ್ಟೆಂದು 2019ರ ಆಗಸ್ಟ್‌ನಲ್ಲಿ ನಮ್ಮ ಭಾಗಕ್ಕೆ ತಿಳಿಯಿತು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದವು. ನೀರು ಇಳಿದ ಮೇಲೆ ನಮ್ಮ ಮಕ್ಕಳು ಹೋದರು. ಮನೆಗಳಲ್ಲಿ ಮೊಣಕಾಲುದ್ದ ರಾಡಿ, ಸತ್ತ ದನಗಳ ವಾಸನೆ. ಕೈಗವಸು ಇಲ್ಲ, ಗಮ್‌ಬೂಟು ಇಲ್ಲ. ರಾಡಿಯಲ್ಲಿ ಹುಗಿದುಹೋಗಿದ್ದ ತಗಡು ಒಬ್ಬ ಹುಡುಗನ ಅಂಗಾಲನ್ನು ಸೀಳಿತು. ಬೈಕಿನಲ್ಲಿ ಕೂರಿಸಿಕೊಂಡು ಹನ್ನೊಂದು ಕಿಲೋಮೀಟರ್ ಓಡಿದೆ, ಹೊಲಿಗೆ ಬಿತ್ತು, ಧನುರ್ವಾಯುವಿನ ಚುಚ್ಚುಮದ್ದು ಕೊಟ್ಟರು. ಅವನ ತಾಯಿ ಆಸ್ಪತ್ರೆಗೆ ಬಂದು ನನ್ನನ್ನು ನೋಡಿದ ನೋಟಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗನಿಗೆ ವಿಮೆ ಇರಲಿಲ್ಲ. ಏನಾದರೂ ಹೆಚ್ಚುಕಡಿಮೆ ಆಗಿದ್ದರೆ ಹೊಣೆ ಯಾರದು ಎಂದು ಯಾವ ಸುತ್ತೋಲೆಯೂ ನನಗೆ ಹೇಳಿರಲಿಲ್ಲ.

ಅದೇ ದಿನಗಳಲ್ಲಿ ನಾನು ನೆನಪಿಟ್ಟುಕೊಂಡಿರುವ ಬೇರೆ ಚಿತ್ರವೂ ಇದೆ. ಬಿ.ಎ. ತರಗತಿಯ ಆರೇಳು ಹುಡುಗಿಯರು ಪರಿಹಾರ ಕೇಂದ್ರದ ವರಾಂಡದಲ್ಲಿ ಹಗ್ಗ ಕಟ್ಟಿ, ನೆನೆದ ಪಹಣಿ, ಆಧಾರ್, ಪಾಸ್‌ಬುಕ್, ಮಾರ್ಕ್ಸ್‌ಕಾರ್ಡ್‌ಗಳನ್ನು ಬಟ್ಟೆ ಒಣಹಾಕುವಂತೆ ತೂಗುಹಾಕಿ ಒಣಗಿಸಿದರು. ಹಾಳೆ ಹಾಳೆಗೆ ಅಂಟಿಕೊಂಡಿದ್ದನ್ನು ಬಾಚಣಿಗೆಯ ಹಲ್ಲಿನಿಂದ ಬಿಡಿಸಿದರು. ಅಕ್ಷರ ಅಳಿಸಿದ್ದಲ್ಲಿ ಸಂಖ್ಯೆಗಳನ್ನು ಬೇರೆ ಪುಸ್ತಕಕ್ಕೆ ಇಳಿಸಿಕೊಂಡರು. ಮನೆ ಬಿದ್ದವರ ಪರಿಹಾರದ ಅರ್ಜಿಗೆ ಆ ಪುಸ್ತಕವೇ ಆಧಾರವಾಯಿತು. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಜನರ ಜೊತೆ ಎರಡು ದಿನ ಕುಳಿತದ್ದರಿಂದ, ಆ ಜನಕ್ಕೆ ಬೇಕಾಗಿದ್ದೇನು ಎಂದು ಹೊಳೆಯಿತು. ವಿಪತ್ತಿನ ತರಬೇತಿಯೆಂದರೆ ಹಗ್ಗ, ದೋಣಿ, ಪ್ರಥಮ ಚಿಕಿತ್ಸೆ ಮಾತ್ರವಲ್ಲ, ಕಾಗದಗಳನ್ನು ಉಳಿಸುವುದೂ ಅದರಲ್ಲಿ ಸೇರಲಿ ಎಂದು ನಿಮ್ಮ ಪಠ್ಯಕ್ರಮ ಬರೆಯುವವರಿಗೆ ತಿಳಿಸಿ.

ಈಗ ‘ಸ್ವಯಂಸೇವಕ’ ಎಂಬ ಪದದ ಬಗ್ಗೆ. ಆಶಾ ಕಾರ್ಯಕರ್ತೆಯರನ್ನು ಸರ್ಕಾರ ಕಾಗದದ ಮೇಲೆ ಸ್ವಯಂಸೇವಕಿಯರು ಎಂದೇ ಕರೆಯುತ್ತದೆ. ಹೆರಿಗೆಗೆ ಕರೆದೊಯ್ಯುವವರು ಅವರು, ಲಸಿಕೆಗೆ ಮನೆಮನೆ ತಿರುಗುವವರು ಅವರು, ಕೋವಿಡ್ ಕಾಲದಲ್ಲಿ ಎಲ್ಲರೂ ಬಾಗಿಲು ಹಾಕಿಕೊಂಡಾಗ ಬಾಗಿಲು ತಟ್ಟಿದವರು ಅವರು. 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸಾವಿರಾರು ಆಶಾ ಕಾರ್ಯಕರ್ತೆಯರು ದಿನಗಟ್ಟಲೆ ಕುಳಿತು ತಿಂಗಳಿಗೆ ಇಷ್ಟಾದರೂ ಖಚಿತ ಹಣ ಕೊಡಿ ಎಂದು ಕೇಳಬೇಕಾಯಿತು. ಕಾಯಂ ಕೆಲಸವನ್ನು ಸೇವೆಯೆಂದು ಹೆಸರಿಸಿ, ಕಾಯಂ ಸಂಬಳ ತಪ್ಪಿಸುವುದನ್ನು ನಾನು ಬಿಟ್ಟಿ ಎಂದೇ ಕರೆಯುತ್ತೇನೆ. ಹೊಸ ಯೋಜನೆಗಳಲ್ಲಿ ಯುವ ಸ್ವಯಂಸೇವಕರನ್ನು ಖಾಲಿ ಬಿದ್ದ ಶಿಕ್ಷಕರ ಹುದ್ದೆಗೆ, ದಾದಿಯರ ಹುದ್ದೆಗೆ, ಗ್ರಂಥಪಾಲಕರ ಜಾಗಕ್ಕೆ ತುಂಬುವ ಕೆಲಸ ಆಗಕೂಡದು. ಯಾರದೋ ಅನ್ನವನ್ನು ಕಿತ್ತುಕೊಂಡು ಮಾಡುವ ಸೇವೆ ಯಾರಿಗೂ ಬೇಡ.

ಹಾಗಾದರೆ ಏನು ಮಾಡಬೇಕು? ನನ್ನ ಬೇಡಿಕೆ ಒಂದು ಸೇವಾ ವರ್ಷ. ಹದಿನೆಂಟು ದಾಟಿದ ಯಾರೇ ಆಗಲಿ, ಕಾಲೇಜಿನಲ್ಲಿರಲಿ ಇಲ್ಲದಿರಲಿ, ತಾನಾಗಿ ಬಯಸಿದರೆ ಒಂದು ವರ್ಷ ಒಂದು ಗ್ರಾಮ ಪಂಚಾಯಿತಿಯಲ್ಲಿ ಕೆಲಸ ಮಾಡುವ ಅವಕಾಶ. ಮಾಡಬೇಕಾದ ಕೆಲಸವನ್ನು ದೆಹಲಿ ಹೇಳುವುದು ಬೇಡ, ಬೆಂಗಳೂರೂ ಬೇಡ, ಗ್ರಾಮಸಭೆ ಹೇಳಲಿ. ಒಂದು ಊರಿಗೆ ಹತ್ತನೆಯ ತರಗತಿ ಫೇಲಾದ ಮಕ್ಕಳಿಗೆ ಸಂಜೆ ಪಾಠ ಬೇಕಿರಬಹುದು, ಅದಕ್ಕೆ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಜಾಗವಿದೆ. ಇನ್ನೊಂದು ಊರಿಗೆ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆಯಲ್ಲಿ ಮಕ್ಕಳಿಗೆ ಕಥೆ ಹೇಳುವವರು ಬೇಕು. ಮತ್ತೊಂದಕ್ಕೆ ಕೆರೆಯ ಹೂಳಿನ ಅಳತೆ, ಮಗದೊಂದಕ್ಕೆ ಪಿಂಚಣಿ ನಿಂತುಹೋದ ಮುದುಕರ ಪಟ್ಟಿ. ಜೊತೆಗೆ ತಾಲ್ಲೂಕಿಗೊಬ್ಬ ತರಬೇತಾದ, ಸಂಬಳ ಪಡೆಯುವ ಮಾರ್ಗದರ್ಶಕ ಇರಬೇಕು. ಮಧ್ಯಾಹ್ನದವರೆಗೆ ಪಾಠ ಮಾಡಿ ದಣಿದ ಉಪನ್ಯಾಸಕನ ಹೆಗಲಿಗೆ ಇದನ್ನೂ ಹೇರಬೇಡಿ.

ಗೌರವಧನ ಗೌರವ ಉಳಿಸುವಷ್ಟಿರಬೇಕು. ರಾಷ್ಟ್ರೀಯ ಯುವ ಸ್ವಯಂಸೇವಕರ ಯೋಜನೆಯಲ್ಲಿ ತಿಂಗಳಿಗೆ 5,000 ರೂಪಾಯಿ ಕೊಡಲಾಗುತ್ತಿತ್ತು. 2025-26ರಲ್ಲಿ ಉದ್ಯೋಗ ಖಾತರಿಯಡಿ ನಮ್ಮ ರಾಜ್ಯದ ದಿನಗೂಲಿ 370 ರೂಪಾಯಿ ಇತ್ತು. ಅಂದರೆ ತಿಂಗಳ ಗೌರವಧನ ಹದಿನಾಲ್ಕು ದಿನದ ಕೂಲಿಗೂ ಸಮವಲ್ಲ. ಆ 370ನ್ನೇ ಆಧಾರವಾಗಿಟ್ಟು, ತಿಂಗಳಿಗೆ 26 ದಿನದಂತೆ ಕೊಟ್ಟರೆ 9,620 ರೂಪಾಯಿ. ಕರ್ನಾಟಕದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿಗೆ ತಲಾ ಇಬ್ಬರು, ಒಬ್ಬ ಯುವಕ ಒಬ್ಬಳು ಯುವತಿ ಎಂದರೆ 12,000 ಮಂದಿ. ವರ್ಷಕ್ಕೆ ಸುಮಾರು 139 ಕೋಟಿ ರೂಪಾಯಿ. ವಿಮೆ, ಮಾರ್ಗದರ್ಶಕರ ಸಂಬಳ ಬೇರೆ. ಒಂದು ರಾಜ್ಯದ ಪ್ರತಿ ಪಂಚಾಯಿತಿಯಲ್ಲೂ ವರ್ಷಪೂರ್ತಿ ಇಬ್ಬರು ಕೆಲಸಗಾರರು ಇರುತ್ತಾರೆ ಎಂದರೆ ಈ ಮೊತ್ತ ಹೆಚ್ಚೇನಲ್ಲ. ವರ್ಷ ಮುಗಿಸಿದವರಿಗೆ ಮುಂದಿನ ಓದಿನ ಒಂದು ವರ್ಷದ ಶುಲ್ಕವನ್ನೂ ಸರ್ಕಾರ ಭರಿಸಿದರೆ, ಮುಯ್ಯಿ ತೀರಿಸಿದಂತಾಗುತ್ತದೆ.

ಇದು ಕನಸಿನ ಮಾತಲ್ಲ. ಅಮೆರಿಕದಲ್ಲಿ 1993ರ ಕಾನೂನಿನಿಂದ ಹುಟ್ಟಿದ ಅಮೆರಿಕಾರ್ಪ್ಸ್ ಎಂಬ ಸೇವಾ ಯೋಜನೆ ಜೀವನಭತ್ಯೆಯನ್ನೂ ಓದಿನ ನೆರವನ್ನೂ ಕೊಟ್ಟೇ ಯುವಕರನ್ನು ಸೇವೆಗೆ ತಂದಿತು. ಜರ್ಮನಿ 2011ರಲ್ಲಿ ಕಡ್ಡಾಯ ಸೈನಿಕ ಸೇವೆಯನ್ನು ನಿಲ್ಲಿಸಿದಾಗ, ಅದರ ಬದಲಿಯಾಗಿ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದ ಯುವಕರ ವ್ಯವಸ್ಥೆಯೂ ನಿಂತಿತು. ಆ ಜಾಗಕ್ಕೆ ಅವರು ತಂದದ್ದು ಎಲ್ಲ ವಯಸ್ಸಿನವರಿಗೂ ತೆರೆದ, ಕೈಖರ್ಚು ಮತ್ತು ಸಾಮಾಜಿಕ ವಿಮೆ ಸಹಿತವಾದ ಸ್ವಇಚ್ಛೆಯ ಸೇವೆಯನ್ನು.

ಅದೇ ದೇಶಗಳಿಂದ ಎಚ್ಚರಿಕೆಯನ್ನೂ ಕಲಿಯಬೇಕು. 2009ರಲ್ಲಿ ಅಧ್ಯಕ್ಷ ಒಬಾಮ ಸಹಿ ಹಾಕಿದ ಕಾನೂನು ಅಮೆರಿಕಾರ್ಪ್ಸ್ ಸದಸ್ಯರ ಸಂಖ್ಯೆಯನ್ನು 75,000ದಿಂದ 2,50,000ಕ್ಕೆ ಏರಿಸಬೇಕೆಂದಿತು. ಅಷ್ಟು ಹಣ ಎಂದೂ ಬರಲಿಲ್ಲ, ಸಂಖ್ಯೆ ಕಾಗದದಲ್ಲೇ ಉಳಿಯಿತು. 2025ರ ಏಪ್ರಿಲ್‌ನಲ್ಲಿ ಹೊಸ ಆಡಳಿತ ಸುಮಾರು 40 ಕೋಟಿ ಡಾಲರ್ ಅನುದಾನವನ್ನು ಏಕಾಏಕಿ ರದ್ದು ಮಾಡಿತು. ಶಾಲೆಗಳಲ್ಲಿ, ನೆರೆಪೀಡಿತ ಊರುಗಳಲ್ಲಿ ಕೆಲಸ ಮಾಡುತ್ತಿದ್ದವರು ಅರ್ಧಕ್ಕೆ ಮನೆಗೆ ಹೋದರು. ಬ್ರಿಟನ್ನಿನಲ್ಲಿ 2011ರಲ್ಲಿ ಒಬ್ಬ ಪ್ರಧಾನಿ ತಂದ ರಾಷ್ಟ್ರೀಯ ನಾಗರಿಕ ಸೇವೆಯನ್ನು 2025ರಲ್ಲಿ ಇನ್ನೊಂದು ಸರ್ಕಾರ ಮುಚ್ಚಿತು. ಒಂದು ಪಕ್ಷದ, ಒಬ್ಬ ನಾಯಕನ ಮುದ್ರೆ ಬಿದ್ದ ಸೇವೆ ಆ ಪಕ್ಷದ ಜೊತೆಗೇ ಬೀಳುತ್ತದೆ. ಎನ್‌ಎಸ್‌ಎಸ್ ಐವತ್ತಾರು ವರ್ಷ ಬದುಕಿದ್ದರೆ ಅದು ಯಾವ ಪಕ್ಷದ್ದೂ ಆಗಿಲ್ಲದ್ದರಿಂದ. ನಾನು ಕೇಳುವ ಸೇವಾ ವರ್ಷಕ್ಕೆ ಸಂಸತ್ತಿನ ಕಾನೂನಿನ ಬಲವಿರಲಿ, ರಾಜ್ಯಗಳ ಪಾಲಿರಲಿ. ಸ್ವಯಂಸೇವಕರನ್ನು ರಾಜಕೀಯ ಸಮಾವೇಶಕ್ಕೆ ಕರೆಸಿ ಖುರ್ಚಿ ತುಂಬಿಸುವುದಕ್ಕೆ ಸ್ಪಷ್ಟ ನಿಷೇಧವಿರಲಿ. ಅಂಥ ಕರೆಗಳು ಬಂದಾಗ ಇಲ್ಲ ಎನ್ನಲು ಒಬ್ಬ ಉಪನ್ಯಾಸಕನಿಗೆ ಎಷ್ಟು ಕಷ್ಟ ಎಂಬುದನ್ನು ಅನುಭವಿಸಿ ಹೇಳುತ್ತಿದ್ದೇನೆ.

ಕಡ್ಡಾಯದ ಬಗ್ಗೆ ಎರಡು ಮಾತು. ಅದೇ 23ನೆಯ ವಿಧಿಯ ಎರಡನೆಯ ಭಾಗ, ಧರ್ಮ, ಜನಾಂಗ, ಜಾತಿ, ವರ್ಗಗಳ ಭೇದ ಮಾಡದೆ ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ವಿಧಿಸಲು ಸರ್ಕಾರಕ್ಕೆ ಅವಕಾಶ ಕೊಟ್ಟಿದೆ. ಹೀಗಾಗಿ ಕಡ್ಡಾಯ ಮಾಡುವುದು ಸಂವಿಧಾನಬಾಹಿರ ಎಂದು ನಾನು ವಾದಿಸುವುದಿಲ್ಲ. ಮಾಡಬೇಡಿ ಎಂದು ಬೇಡುತ್ತೇನೆ. ಹಾಜರಿಗಾಗಿ ಬಂದ ಹುಡುಗನ ಕೈಯಲ್ಲಿ ಗುದ್ದಲಿ ಹೇಗೆ ಏಳುತ್ತದೆ ಎಂದು ನಾನು ನೋಡಿದ್ದೇನೆ. ಅವನಿಗೆ ಆ ಊರಿನ ಮೇಲೆ ಸಿಟ್ಟು ಬರುತ್ತದೆ, ಊರಿನವರಿಗೆ ಅವನ ಮೇಲೆ. ರೊಟ್ಟಿಯ ಬುಟ್ಟಿಯ ಬಗ್ಗೆ ಆ ಹುಡುಗಿ ಎದ್ದು ಮಾತನಾಡಿದಳಲ್ಲ, ಬಲವಂತದಿಂದ ಬಂದವಳಾಗಿದ್ದರೆ ಖಂಡಿತ ಮಾತನಾಡುತ್ತಿರಲಿಲ್ಲ. ಯಾವಾಗ ಏಳು ದಿನ ಮುಗಿದೀತು ಎಂದು ಎಣಿಸುತ್ತಿದ್ದಳು.

ಆಕೆ ಈಗ ಒಂದು ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತಾಳೆ. ಅವಳ ತಂಗಿ ಈಗ ನಮ್ಮಲ್ಲೇ ಅಂತಿಮ ವರ್ಷ ಓದುತ್ತಿದ್ದಾಳೆ. ಕಳೆದ ತಿಂಗಳು ಗ್ರಂಥಾಲಯದ ಬಾಗಿಲಲ್ಲಿ ನಿಲ್ಲಿಸಿ, “ಸರ್, ಪದವಿ ಮುಗಿದ ಮೇಲೆ ಒಂದು ವರ್ಷ ನಮ್ಮೂರಿನಲ್ಲೇ ಏನಾದರೂ ಮಾಡಬೇಕೆಂದಿದ್ದೇನೆ. ಮನೆಯಲ್ಲಿ ಸ್ವಲ್ಪವಾದರೂ ಹಣ ತೋರಿಸಿದರೆ ಮದುವೆಯ ಮಾತು ಮುಂದಕ್ಕೆ ಹಾಕುತ್ತಾರೆ. ಅಂಥದ್ದೇನಾದರೂ ಇದೆಯೇ?” ಎಂದು ಕೇಳಿದಳು. ಮೇರಾ ಯುವ ಭಾರತ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸು ಎಂದಷ್ಟೇ ಹೇಳಲು ನನಗೆ ಸಾಧ್ಯವಾಯಿತು. ಅವಳು ಆಗಲೇ ನೋಂದಾಯಿಸಿದ್ದಳು.

ನಮ್ಮ ಕಾಲೇಜಿನ ಈ ವರ್ಷದ ಶಿಬಿರಕ್ಕೆ ತಮಗೆ ಆಹ್ವಾನವಿದೆ. ಉದ್ಘಾಟನೆಗೆ ಬರಬೇಡಿ, ಸಮಾರೋಪಕ್ಕೂ ಬೇಡ. ಆ ಎರಡು ದಿನ ಶಾಲು ಹಾರಗಳಲ್ಲೇ ಕಳೆದುಹೋಗುತ್ತವೆ. ನಾಲ್ಕನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಬನ್ನಿ. ಅಂಗೈಯಲ್ಲಿ ಬೊಕ್ಕೆ ಎದ್ದಿರುತ್ತವೆ, ಮೊದಲ ದಿನದ ಹುರುಪು ಇಳಿದಿರುತ್ತದೆ, ಆದರೂ ಮಕ್ಕಳು ಎದ್ದು ಸಾಲಾಗಿ ಹೊರಡುತ್ತಾರೆ. ಹಣಕಾಸು ಇಲಾಖೆಯ ಒಬ್ಬ ಅಧಿಕಾರಿಯನ್ನೂ ಜೊತೆಗೆ ಕರೆತನ್ನಿ. ರೊಟ್ಟಿಯ ಬುಟ್ಟಿ ಏಳೂವರೆಗೆ ಹೊರಡುತ್ತದೆ. ನೀವಿಬ್ಬರೂ ಅದರ ಜೊತೆ ಹೋಗಬಹುದು.

ಇತಿ ವಿಶ್ವಾಸಪೂರ್ವಕ,
ಒಬ್ಬ ಮಾಜಿ ಎನ್‌ಎಸ್‌ಎಸ್ ಕಾರ್ಯಕ್ರಮಾಧಿಕಾರಿ